ಕೆಂಪು ಪೆನ್ಸಿಲಿನಲ್ಲಿ ಹೊಡೆದ ಸಾಲುಗಳು

ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಸೇರಿದಾಗ ಪ್ರಚಾರದ ಗುಮಾಸ್ತ, ಬಿಟ್ಟಾಗ ಮ್ಯಾನೇಜರ. ನಡುವೆ ಯಾವಾಗ ಏನಾದೆ ಎಂಬುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಈಗ ಪ್ರಚಾರದ ಕೆಲಸಕ್ಕೆ ಸೇರುವ ಹುಡುಗರು ಹುಡುಗಿಯರು ಆಗಾಗ ಮನೆಗೆ ಬಂದು, "ಅಜ್ಜಾರ, ಆಗ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ನಾನು ಟಾಂಗಾದ ಕಥೆ ಹೇಳುತ್ತೇನೆ. ಅವರು ನಕ್ಕು, ಚಹಾ ಕುಡಿದು ಹೋಗುತ್ತಾರೆ. ಒಂದು ಕಥೆಯನ್ನು ಮಾತ್ರ ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ, ಆಕೆ ತೀರಿಕೊಂಡು ಆರು ವರ್ಷವಾಯಿತು. ಅದನ್ನು ಹೇಳಲಿಕ್ಕೇ ಬರೆಯಲು ಕೂತಿದ್ದೇನೆ. ಆದರೆ ಕೆಲಸ ಎಂಥದ್ದಿತ್ತೆಂದು ಮೊದಲು ಹೇಳದಿದ್ದರೆ ನಾನು ಮಾಡಿದ್ದು ಎಂಥದ್ದೆಂದು ತಿಳಿಯುವುದಿಲ್ಲ.

ಹೊಸ ಚಿತ್ರ ಶುಕ್ರವಾರ ಬರುತ್ತಿತ್ತು, ಓಡಿದರೆ ಮೂರು ನಾಲ್ಕು ವಾರ ಉಳಿಯುತ್ತಿತ್ತು. ಗುರುವಾರವೇ ಹ್ಯಾಂಡ್‌ಬಿಲ್ಲು ಪ್ರೆಸ್ಸಿನಿಂದ ಬರುತ್ತಿದ್ದವು, ಗುಲಾಬಿ, ಹಳದಿ, ಹಸಿರು ಕಾಗದದ ಮೇಲೆ, ಮಸಿ ಇನ್ನೂ ಕೈಗೆ ಹತ್ತುವಂತೆ. ಹುಸೇನಸಾಬರ ಟಾಂಗಾಕ್ಕೆ ಎರಡೂ ಕಡೆ ಚಿತ್ರದ ಬೋರ್ಡು ಕಟ್ಟಿ, ಮುಂದೆ ಹಲಗೆ ಬಾರಿಸುವವನನ್ನು ಕೂರಿಸಿ, ಹಿಂದೆ ನಾನು ತಗಡಿನ ಭೋಂಗಾ ಬಾಯಿಗೆ ಹಿಡಿದು ಒದರುತ್ತಾ ಹೋಗುವುದು. ಓಣಿ ಓಣಿ ತಿರುಗಿ, ಅಮರಗೋಳ, ಗಬ್ಬೂರದ ಕಡೆಗೂ ಹೋಗಿ ಬರುತ್ತಿದ್ದೆವು. ಆಗ ನನಗೆ ಇಪ್ಪತ್ತೊಂದು ವರ್ಷ. ಮ್ಯಾಟ್ರಿಕ್ ಪಾಸಾಗಿದ್ದೆ. ನಮ್ಮಪ್ಪ ಟಾಕೀಸಿನ ಮಾಲಕರ ಅರಳೆ ಅಂಗಡಿಯಲ್ಲಿ ತೂಕ ನೋಡುತ್ತಿದ್ದರು, ಅವರ ಮಾತಿನಿಂದಲೇ ನನಗೆ ಈ ಕೆಲಸ ಸಿಕ್ಕಿತ್ತು. ಮಾಲಕರನ್ನು ಎಲ್ಲರೂ ಸಾವಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ.

ಸೇರಿದ ಮೊದಲ ತಿಂಗಳಲ್ಲೇ ಒಂದು ಫಜೀತಿ ಮಾಡಿಕೊಂಡೆ. ಬಂದ ಚಿತ್ರದ ಪೋಸ್ಟರಿನಲ್ಲಿ ಒಬ್ಬ ಡೊಳ್ಳು ಹೊಟ್ಟೆಯ ನಟ ಹಲ್ಲು ಕಿರಿದು ನಿಂತಿದ್ದ. ಅಷ್ಟನ್ನೇ ನೋಡಿ ನಾನು ಗಬ್ಬೂರದಲ್ಲಿ, "ನಕ್ಕು ನಕ್ಕು ಹೊಟ್ಟಿ ಹಿಡಕೋತೀರಿ, ಮನಿ ಮಂದಿ ಎಲ್ಲಾ ಬರ್ರಿ!" ಎಂದು ಒದರಿದೆ. ಚಿತ್ರದಲ್ಲಿ ಆ ನಟ ಎರಡೇ ನಿಮಿಷ ಬರುತ್ತಿದ್ದ. ಉಳಿದದ್ದೆಲ್ಲ ಕಣ್ಣೀರು, ಮೂರು ಸಾವು. ಸೋಮವಾರ ಗಬ್ಬೂರದ ಒಬ್ಬ ರೈತ ಟಾಕೀಸಿನ ಬಾಗಿಲಿಗೆ ಬಂದು ನನ್ನ ತೋಳು ಹಿಡಿದ.

"ಏ ತಮ್ಮಾ, ಮೊನ್ನಿ ನಮ್ಮೂರಾಗ ಒದರಿದಾಂವ ನೀನ ಹೌದಲ್ಲೋ? ನಮ್ಮಾಕಿ ಮೂರ ದಿನಾ ಆತು, ರೊಟ್ಟಿ ಬಡೀಬೇಕಾದ್ರೂ ಅಳಾಕತ್ತಾಳ. ಹಿಟ್ಟಿಗೆ ನೀರ ಹಾಕೂದ ಬ್ಯಾಡಾಗೇತಿ!"

ಸಾವಕಾರ್ರು ಒಳಗಿನಿಂದ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನನ್ನು ಕರೆದು ಹೇಳಿದರು: "ಚನಬಸ್ಯಾ, ಇನ್ನ ಮ್ಯಾಲ ಮೊದಲ ನೋಡು, ಆಮ್ಯಾಲ ಒದರು."

ಅಂದಿನಿಂದ ನಾನು ಪ್ರತಿ ಚಿತ್ರವನ್ನೂ ಹತ್ತು, ಹನ್ನೆರಡು ಸಲ ನೋಡುವುದು ರೂಢಿಯಾಯಿತು. ಗೋಡೆಗೆ ಒರಗಿ ನಿಂತು, ಜನ ಎಲ್ಲಿ ನಗುತ್ತಾರೆ, ಎಲ್ಲಿ ಮೂಗು ಸೀಟುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು ಅದನ್ನೇ ಮುಂದಿನ ಬಿಲ್ಲಿನಲ್ಲಿ ಬರೆಯುತ್ತಿದ್ದೆ. ಇದು ಒಳ್ಳೆಯ ಪಾಠವೆಂದೇ ತಿಳಿದಿದ್ದೆ. ಹನ್ನೆರಡು ಸಲ ನೋಡಿದವನಿಗೆ ಮೊದಲ ಸಲ ನೋಡುವವರ ಕಣ್ಣು ಉಳಿದಿರುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಎರಡು ವರ್ಷದ ಮೇಲೆ ಸಾವಕಾರ್ರು ಅರಳೆ ವ್ಯಾಪಾರಕ್ಕೆ ಮುಂಬೈಗೆ ಹೋದವರು ಒಂದು ಹೊಸ ವಿಚಾರ ತಂದರು. "ಅಲ್ಲಿ ಸಿನಿಮಾ ನೋಡಿದಾವ್ರ ಅಭಿಪ್ರಾಯ ಛಾಪಸ್ತಾರೋ. ನಾವು ಛಲೋ ಐತಿ ಅಂದ್ರ ಯಾರು ನಂಬ್ತಾರ? ನೋಡಿ ಬಂದಾಂವ ಅಂದ್ರ ನಂಬ್ತಾರ."

ಹೀಗೆ ಬಾಗಿಲ ಬಳಿ ಒಂದು ದಪ್ಪ ನೋಟುಬುಕ್ಕು ಬಂತು, ದಾರದಿಂದ ಪೆನ್ಸಿಲು ಕಟ್ಟಿ. ಚಿತ್ರ ಬಿಟ್ಟ ಮೇಲೆ ಮನಸ್ಸಿದ್ದವರು ಬರೆದು ಹೋಗುತ್ತಿದ್ದರು. ಜನ ಏನೇನು ಬರೆಯುತ್ತಿದ್ದರು! "ಪಂಖಾ ತಿರುಗಲಿಲ್ಲ." "ಮುಂದಿನ ಕುರ್ಚಿಯವರ ತಲೆಯ ಪಟಗಾದ ದೆಸೆಯಿಂದ ನಾಯಕಿಯ ಮುಖ ಅರ್ಧ ಮಾತ್ರ ಕಂಡಿತು." ಒಬ್ಬ ಕಾಲೇಜಿನ ಹುಡುಗ ನಾಯಕಿಗೆ ನಾಲ್ಕು ಪುಟದ ಪತ್ರವನ್ನೇ ಬರೆದು, ದಯವಿಟ್ಟು ತಲುಪಿಸಿರಿ ಎಂದು ಕೆಳಗೆ ವಿಳಾಸ ಕೊಟ್ಟಿದ್ದ. ನಾನು ಇವುಗಳಲ್ಲಿ ಬೇಕಾದದ್ದನ್ನು ಆರಿಸಿ, ಸ್ಕೇಲು ಇಟ್ಟು ಪುಟವನ್ನು ಕತ್ತರಿಸಿ ತೆಗೆದು, ಬೇಡವಾದ ಸಾಲುಗಳನ್ನು ಕೆಂಪು ಪೆನ್ಸಿಲಿನಿಂದ ಹೊಡೆದು, ಆ ಪುಟವನ್ನೇ ಪ್ರೆಸ್ಸಿಗೆ ಕೊಡುತ್ತಿದ್ದೆ. "ಚಿತ್ರ ಚೆನ್ನಾಗಿದೆ ಆದರೆ ಬಹಳ ಉದ್ದ" ಎಂದು ಬರೆದಿದ್ದರೆ ಮೊದಲ ಎರಡು ಶಬ್ದ ಉಳಿಯುತ್ತಿದ್ದವು. ಬರೆದವರ ಮಾತಿಗೆ ನಾನು ಒಂದು ಅಕ್ಷರವನ್ನೂ ಸೇರಿಸಿಲ್ಲ ಎಂದು ಜಂಬದಿಂದ ಹೇಳಿಕೊಳ್ಳುತ್ತಿದ್ದೆ. ಸೇರಿಸಿರಲಿಲ್ಲ, ಅದು ನಿಜ.

ಪ್ರೆಸ್ಸು ಟಾಕೀಸಿನಿಂದ ಎರಡು ಓಣಿ ಆಚೆ. ಅಲ್ಲಿ ಅಕ್ಷರದ ಮೊಳೆ ಜೋಡಿಸುವವನು ಯಲ್ಲಪ್ಪ, ನನ್ನದೇ ವಯಸ್ಸು. ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಿದ್ದ. ಊರ ಅಂಚಿನ ಕೇರಿಯವನು. ಅವನ ಮನೆಯವರು ಆಗಷ್ಟೇ ಬುದ್ಧನ ಪಟ ತಂದು ಗೋಡೆಗೆ ಹಾಕಿದ್ದರು. ಪ್ರೆಸ್ಸಿನ ಮಾಲಕರು ಅದನ್ನು ಇಟ್ಟುಕೊಂಡು ಆಗಾಗ ಚುಚ್ಚುತ್ತಿದ್ದರು, ಅವನು ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಅವನ ಬೆರಳುಗಳು ಖಾನೆಯಿಂದ ಖಾನೆಗೆ ಹೋಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಅವನು ಅದನ್ನು ನಾವು ನೇರ ಓದುವಷ್ಟೇ ಸಲೀಸಾಗಿ ಓದುತ್ತಿದ್ದ. ಒಮ್ಮೆ ನಾನು ಬಿಲ್ಲಿನಲ್ಲಿ ವಾರ ಒಂದು, ತಾರೀಖು ಇನ್ನೊಂದು ಬರೆದಿದ್ದೆ. ಅವನೇ ಓಡಿ ಬಂದು ತೋರಿಸಿ ಹೋದ.

"ಅಕ್ಷರ ಜೋಡಿಸಾಂವ ಓದಬಾರದು ಅಂತಾರ್ರಿ ನಮ್ಮ ಮಾಲಕರು," ಎಂದು ನಕ್ಕ. "ಓದಲಾರದ ಹೆಂಗ ಜೋಡಸೂದ್ರಿ?"

ಇಸವಿ ಹತ್ತೊಂಬತ್ತು ನೂರಾ ಅರವತ್ತರ ಆಸುಪಾಸಿನ ಒಂದು ದೀಪಾವಳಿಗೆ ಆ ಚಿತ್ರ ಬಂತು. ಹಿಂದಿ ಚಿತ್ರ, ಹೆಸರು ಬೇಡ. ಗುಡ್ಡದ ಮೇಲಿನ ಬಂಗಲೆಯಲ್ಲಿ ಒಬ್ಬ ಗಿರಣಿ ಮಾಲಕನ ಕೊಲೆ. ಸಾಯುವ ಮೊದಲು ಅವನು ಕೊಂದವನ ಕೈ ಕಚ್ಚಿದ್ದಾನೆ, ಹಲ್ಲಿನಲ್ಲಿ ರಕ್ತವಿದೆ. ಹಾಲು ತಂದಿಟ್ಟ ಅಡಿಗೆಯವನನ್ನು ಪೊಲೀಸರು ಹಿಡಿದು ಬಡಿಯುತ್ತಾರೆ. ಆಮೇಲೆ ಸಂಶಯ ಅಣ್ಣನ ಮಗನ ಮೇಲೆ, ಅಲ್ಲಿಂದ ಹೆಂಡತಿಯ ಮೇಲೆ. ಇನ್ನೇನು ತಿಳಿಯಿತು ಎನ್ನುವಾಗ ಮತ್ತೊಂದು ತಿರುವು. ಆ ಮನೆಗೆ ಬಂದು ಹೋಗುವ ಒಬ್ಬ ಡಾಕ್ಟರ ಇರುತ್ತಾನೆ, ಹಸನ್ಮುಖಿ, ಇನ್ಸ್‌ಪೆಕ್ಟರಿಗೂ ಸಹಾಯ ಮಾಡುವವನು. ಕೈ ಸುಟ್ಟುಕೊಂಡಿದ್ದೇನೆ ಎಂದು ಕೈಗವಸು ಹಾಕಿಕೊಂಡಿರುತ್ತಾನೆ. ಕಡೆಯ ರೀಲಿನಲ್ಲಿ ಅದನ್ನು ಕಳಚುತ್ತಾನೆ. ಅಂಗೈ ಬದಿಗೆ ಹಲ್ಲಿನ ಗುರುತು. ಇಡೀ ಟಾಕೀಸು ಒಮ್ಮೆಲೇ ಉಸಿರು ಎಳೆದುಕೊಳ್ಳುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ.

ಚಿತ್ರದ ಪ್ರಾಣವೆಲ್ಲ ಆ ಒಂದು ಕೈಯಲ್ಲಿತ್ತು. ಸಾವಕಾರ್ರು ಆಟ ಶುರುವಾದ ಮೇಲೆ ಬಾಗಿಲು ಮುಚ್ಚಿಸಿದರು. "ಕಥೆಯ ಕೊನೆ ಯಾರಿಗೂ ಹೇಳಬೇಡಿರಿ" ಎಂದು ಸ್ಲೈಡು ಹಾಕಿಸಿದರು. ಟಾಕೀಸಿನ ಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, "ಕೊಂದಾಂವ ಯಾರಂತ ನಮ್ಮ ಪೈಕಿ ಯಾರ ಬಾಯಿಂದರ ಹೊರಗ ಬಿತ್ತೋ, ಅವಗ ಅವತ್ತ ರಜಾ. ಕಾಯಂ ರಜಾ," ಎಂದರು. ಮೊದಲ ವಾರದ ಬಿಲ್ಲು ನಾನೇ ಬರೆದೆ: "ಸತ್ತವನು ಕೊಲೆಗಾರನ ಕೈ ಕಚ್ಚಿದ್ದಾನೆ! ಆ ಕೈ ಯಾರದು?" ಊರಲ್ಲೆಲ್ಲ ಅದೇ ಮಾತಾಯಿತು. ಚಹಾದ ಅಂಗಡಿಯಲ್ಲಿ ಜನ ಒಬ್ಬರ ಕೈ ಒಬ್ಬರು ಹಿಡಿದು ತಿರುಗಿಸಿ ನೋಡುತ್ತಿದ್ದರು.

ಎರಡನೆಯ ವಾರಕ್ಕೆ ಜನರ ಅಭಿಪ್ರಾಯದ ಬಿಲ್ಲು ತೆಗೆಯಬೇಕಾಗಿತ್ತು. ಶನಿವಾರದ ಮಧ್ಯಾಹ್ನದ ಆಟಕ್ಕೆ ಸಿಸ್ಟರ್ ಸುಂದ್ರಾಬಾಯಿ ಬಂದಿದ್ದರು. ದವಾಖಾನೆಯ ಬಾಣಂತಿ ವಾರ್ಡಿನ ನರ್ಸು, ನಡುವಯಸ್ಸಿನವರು, ಹದಿನೈದು ದಿನಕ್ಕೊಮ್ಮೆ ಒಬ್ಬರೇ ಬಂದು ಚಿತ್ರ ನೋಡಿ ಹೋಗುತ್ತಿದ್ದರು. ಒಬ್ಬಂಟಿ ಹೆಂಗಸು ಸಿನಿಮಾಕ್ಕೆ ಬರುವುದನ್ನು ಜನ ಆಡಿಕೊಳ್ಳುತ್ತಿದ್ದ ಕಾಲ. ಆಡಿಕೊಳ್ಳುವವರ ಮಕ್ಕಳೆಲ್ಲ ಅವರ ಕೈಯಲ್ಲೇ ಹುಟ್ಟಿದ್ದರಿಂದ ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವತ್ತು ನಿಂತುಕೊಂಡೇ ಒಂದು ಪುಟ ತುಂಬ ಬರೆದರು. ಪೆನ್ಸಿಲು ಇಟ್ಟು ನನಗೆ ಹೇಳಿದರು: "ಚನಬಸಪ್ಪಾರ, ಛಾಪ್ಸೂದಾದ್ರ ಪೂರ್ತಿ ಛಾಪಸ್ರಿ. ಇಲ್ಲಂದ್ರ ಬ್ಯಾಡ."

"ಹಂಗ ಆಗ್ಲಿ ಸಿಸ್ಟರ," ಎಂದೆ.

ಬಿಲ್ಲಿನಲ್ಲಿ ಅವರಿಗೆ ಇದ್ದ ಜಾಗ ಎರಡು ಸಾಲು. ಪುಟದ ತುಂಬ ಅಡಿಗೆಯವನ ಮಾತೇ ಇತ್ತು, ಅದನ್ನು ಓದಿ ಯಾರು ಟಾಕೀಸಿಗೆ ಬರುತ್ತಾರೆ? ಕೆಂಪು ಪೆನ್ಸಿಲು ತೆಗೆದುಕೊಂಡು ಹೊಡೆಯುತ್ತ ಹೋದೆ. ಉಳಿದದ್ದು ಇಷ್ಟು: "ಚಿತ್ರ ಬಹಳ ಚೆನ್ನಾಗಿದೆ. ಡಾಕ್ಟರರು ಕೈಗವಸು ಕಳಚಿದ ಕ್ಷಣ ನಾನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ." ಓದಿ ನೋಡಿದೆ. ಕೇಳಿದವರ ಮೈ ಜುಮ್ಮೆನ್ನಬೇಕು, ಅಷ್ಟು ಚೆನ್ನಾಗಿದೆ ಎನಿಸಿತು. ಅಷ್ಟು ಹೊತ್ತಿಗೆ ನಾನು ಆ ಚಿತ್ರವನ್ನು ಹನ್ನೊಂದು ಸಲ ನೋಡಿದ್ದೆ. ಡಾಕ್ಟರ ಕೊಲೆಗಾರ ಎಂಬುದು ನನಗೆ ಸೂರ್ಯ ಮೂಡಣಕ್ಕೆ ಹುಟ್ಟುತ್ತಾನೆ ಎಂಬಷ್ಟು ಗೊತ್ತಿದ್ದ ಸಂಗತಿ, ಅದು ಗುಟ್ಟು ಎಂಬುದೇ ಮರೆತುಹೋಗಿತ್ತು.

ಸೋಮವಾರ ಪ್ರೆಸ್ಸಿಗೆ ಹೋದಾಗ ಯಲ್ಲಪ್ಪ ಮೊಳೆ ಜೋಡಿಸಿ ಪ್ರೂಫ್ ತೆಗೆದಿದ್ದ. ಆ ಕಾಗದವನ್ನು ಕೈಗೆ ಕೊಡುತ್ತ ಸ್ವಲ್ಪ ತಡೆದ.

"ಚನಬಸಪ್ಪಾರ, ಒಂದ ಮಾತು ಕೇಳ್ಲೇನ್ರಿ?"

"ಲಗೂ ಕೇಳು. ಟಾಂಗಾ ನಿಂತೈತಿ."

"ಹ್ವಾದ ವಾರದ ಬಿಲ್ಲಿನ್ಯಾಗ ಕೊಂದಾಂವನ ಕೈಗೆ ಹಲ್ಲಿನ ಗಾಯ ಐತಿ ಅಂತ ನಾನ ಜೋಡಿಸೇನಿ. ಇದರಾಗ ಡಾಕ್ಟರು ಕೈಗವಸು ಕಳದ್ರು ಅಂತ ಐತಿ. ನಾ ಸಿನಿಮಾ ನೋಡಿಲ್ರಿ. ಆದ್ರ ಎರಡೂ ಬಿಲ್ಲು ಬಾಜೂಕ ಬಾಜೂಕ ಇಟ್ಟು ನೋಡಿದ್ರ… ಕೊಂದಾಂವ ಡಾಕ್ಟರ ಹೌದಲ್ರಿ?"

ಆ ಕ್ಷಣದಲ್ಲಿ ನನಗೆ ತಿಳಿಯಬೇಕಾಗಿತ್ತು. ತಿಳಿಯುವುದರ ಬದಲು ಸಿಟ್ಟು ಬಂತು. ಮ್ಯಾಟ್ರಿಕ್ ಓದಿದವನಿಗೆ ಮುಲ್ಕಿ ಓದಿದವನು, ಅದೂ ಆ ಕೇರಿಯವನು, ತಪ್ಪು ತೋರಿಸುತ್ತಿದ್ದಾನೆ. ಆ ಸಿಟ್ಟಿನ ಬೇರು ಅಲ್ಲಿತ್ತು ಎಂದು ಈಗ ಬರೆಯಬಲ್ಲೆ. ಆಗ ಒಪ್ಪುತ್ತಿರಲಿಲ್ಲ.

"ನೀ ಏನು ಸಿ.ಐ.ಡಿ. ಏನಲೇ? ಡಾಕ್ಟರ ಚಿತ್ರದಾಗ ಹತ್ತು ಸಲಾ ಕೈಗವಸು ಹಾಕ್ತಾನ, ತಗೀತಾನ. ಕೊಟ್ಟದ್ದನ್ನ ಛಾಪಸು."

"ಆತ್ರಿ," ಎಂದ. ಪ್ರೂಫ್ ಸರಿ ಇದೆ ಎಂದು ಬಾಯಲ್ಲೇ ಹೇಳಿದೆ, ಸಹಿ ಮಾಡಲಿಲ್ಲ. ರೂಢಿಯಂತೆ ಅವನು ಸಿಸ್ಟರ್ ಬರೆದ ಪುಟವನ್ನು ಮಡಚಿ ನನಗೆ ತಿರುಗಿ ಕೊಟ್ಟ. ಅಂಗಿಯ ಕಿಸೆಯಲ್ಲಿಟ್ಟುಕೊಂಡೆ.

ಮಂಗಳವಾರ ಬೆಳಿಗ್ಗೆ ಬಿಲ್ಲು ಹಂಚಿದೆವು. ಎರಡು ಕಟ್ಟು ಬಸ್ಸಿನ ಮೇಲೆ ಧಾರವಾಡಕ್ಕೂ ಹೋದವು. ಸಂಜೆಯ ಆಟದಲ್ಲಿ ಡಾಕ್ಟರ ಮೊದಲ ಸಲ ಪರದೆಯ ಮೇಲೆ ಬಂದು ನಮಸ್ಕಾರ ಮಾಡಿದ್ದೇ ತಡ, ನೆಲದ ಮೇಲೆ ಕೂತವರಲ್ಲಿ ಯಾರೋ ಕೂಗಿದರು: "ಬಂದ್ಯಾ ಡಾಕ್ಟರ? ಗವಸ ತಗಿಯೋ, ಕೈ ನೋಡೂಣು!" ಇನ್ನೊಬ್ಬ, "ಕಚ್ಚಿದ್ದು ನೋವಾಗೇತೇನೋ?" ಎಂದ. ಇಡೀ ಟಾಕೀಸು ಹೋ ಎಂದಿತು. ಇನ್ಸ್‌ಪೆಕ್ಟರ ಅಡಿಗೆಯವನನ್ನು ಬಡಿಯುವಾಗಲೂ ಜನ ನಗುತ್ತಿದ್ದರು. ಅವತ್ತು ಸಾವಕಾರ್ರು ಬೀಗರನ್ನು ಕರೆತಂದು ಕೂರಿಸಿದ್ದರು.

ಮಧ್ಯಂತರದಲ್ಲಿ ಅವರು ಕೈಯಲ್ಲಿ ಹಸಿರು ಬಿಲ್ಲು ಹಿಡಿದು ಹೊರಗೆ ಬಂದರು. ಕೂಗಾಡಲಿಲ್ಲ. "ಇದನ್ನ ಯಾರು ಬರದದ್ದು?" ಎಂದು ಮೆಲ್ಲಗೆ ಕೇಳಿದರು.

ಮುಂದೆ ಬಾಯಿಗೆ ಬಂದ ಮಾತನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಆ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ಅಪ್ಪ ಅವರ ಅಂಗಡಿಯಲ್ಲಿದ್ದರು. ಇವೆಲ್ಲ ಕಾರಣ ಎಂದು ಹೇಳಿಕೊಳ್ಳಬಹುದು. ಆದರೆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣ, ಅದನ್ನು ನಂಬುತ್ತಾರೆ ಎಂದು ನನಗೆ ಗೊತ್ತಿದ್ದದ್ದು.

"ನಾ ಆ ಸಾಲನ್ನ ಕೆಂಪು ಪೆನ್ಸಿಲಿನ್ಯಾಗ ಹೊಡದಿದ್ದೆರಿ, ಸಾವಕಾರ್ರ. ಪ್ರೆಸ್ಸಿನ ಯಲ್ಲಪ್ಪ ಹೊಡದದ್ದನ್ನ ಜೋಡಿಸ್ಯಾನ. ಪ್ರೂಫೂ ತೋರಿಸಿಲ್ಲ."

ಮರುದಿನ ಬೆಳಿಗ್ಗೆ ಅವರು ನನ್ನನ್ನು ಕರೆದುಕೊಂಡು ಪ್ರೆಸ್ಸಿಗೆ ಹೋದರು. ಪ್ರೆಸ್ಸಿನ ಮಾಲಕರಿಗೆ ಟಾಕೀಸು ದೊಡ್ಡ ಗಿರಾಕಿ. ಮಾತು ಮುಗಿಯುವ ಮೊದಲೇ ಎದ್ದು ನಿಂತು ಯಲ್ಲಪ್ಪನನ್ನು ಕರೆದರು.

"ಆ ಸಾಲು ಹೊಡದಿದ್ದಿಲ್ರಿ," ಎಂದ ಯಲ್ಲಪ್ಪ. "ಪ್ರೂಫ್ ತೋರಿಸಿ ಕೇಳೇನಿ ಸುದ್ದಾ. ಸಿಸ್ಟರು ಬರದ ಕಾಗದ ನೋಡ್ರಿ, ತಿಳೀತೈತಿ."

"ಎಲ್ಲೈತಿ ಕಾಗದ?"

"ಪ್ರೂಫಿನ ಜೋಡಿ ಚನಬಸಪ್ಪಾರಿಗೆ ಕೊಟ್ಟೇನ್ರಿ."

ಎಲ್ಲರೂ ನನ್ನ ಕಡೆ ನೋಡಿದರು. ಆ ಪುಟ ನಾಲ್ಕು ಮಡಿಕೆಯಾಗಿ ನನ್ನ ಎದೆಯ ಮೇಲಿನ ಕಿಸೆಯಲ್ಲೇ ಇತ್ತು. ಸೋಮವಾರದ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದೆ.

"ನನಗ ಕೊಟ್ಟಿಲ್ಲ," ಎಂದೆ.

ಪ್ರೆಸ್ಸಿನ ಮಾಲಕರು ಯಲ್ಲಪ್ಪನಿಗೆ ಹೇಳಿದ ಮಾತುಗಳನ್ನೆಲ್ಲ ನಾನು ಬರೆಯುವುದಿಲ್ಲ. ಅದರಲ್ಲಿ ಅವನ ಕೇರಿ ಬಂತು, ಅಪ್ಪ ಬಂದ, ಗೋಡೆಯ ಮೇಲಿನ ಬುದ್ಧನೂ ಬಂದ. "ನಿಮಗ ಅಕ್ಷರಾ ಕಲಿಸಿದ್ದ ತಪ್ಪು," ಎಂದರು. ಯಲ್ಲಪ್ಪನ ಕೈಯಲ್ಲಿ ಬೇರೆ ಯಾವುದೋ ಲಗ್ನಪತ್ರಿಕೆಯ ಅರ್ಧ ಜೋಡಿಸಿದ ಮೊಳೆಗಳಿದ್ದವು. ಅವನ್ನು ಒಂದೊಂದಾಗಿ ಅದರದರ ಖಾನೆಗೆ ಹಾಕಿದ. ಸೀಮೆ ಎಣ್ಣೆಯಲ್ಲಿ ಕೈ ತೊಳೆದು ಒರೆಸಿಕೊಂಡ. ಮೂಲೆಯಲ್ಲಿದ್ದ ಬುತ್ತಿಯ ಗಂಟು ತೆಗೆದುಕೊಂಡು, ನನ್ನ ಮುಖವನ್ನೂ ನೋಡದೆ ಹೊರಗೆ ಹೋದ. ಬುತ್ತಿಯನ್ನು ಇನ್ನೂ ಬಿಚ್ಚಿರಲಿಲ್ಲ.

ಗುಟ್ಟು ಹೊರಬಿದ್ದರೂ ಚಿತ್ರಕ್ಕೆ ಏನೂ ಆಗಲಿಲ್ಲ. ಮತ್ತೆರಡು ವಾರ ಓಡಿತು. ಒಬ್ಬ ಮುದುಕರು ಬಾಗಿಲಲ್ಲಿ ನನಗೇ ಹೇಳಿದರು: "ಕೊಂದಾಂವ ಯಾರಂತ ಗೊತ್ತಿದ್ರ ಆರಾಮ ಕುಂತ ನೋಡಬಹುದು ನೋಡಪಾ. ಎದಿ ಹೊಡಕೊಳ್ಳೂದಿಲ್ಲ." ಯಲ್ಲಪ್ಪನ ಕೆಲಸ ಹೋದದ್ದು ಯಾವ ನಷ್ಟಕ್ಕೂ ಅಲ್ಲ. ಸಾವಕಾರ್ರು ಬೀಗರ ಎದುರು ನಾಚಿಕೊಂಡದ್ದಕ್ಕೆ, ಮತ್ತು ನನ್ನ ಒಂದು ಮಾತಿಗೆ.

ಅದೇ ವಾರದ ಕೊನೆಗೆ ಸಿಸ್ಟರ್ ಬಂದರು. ಚಿತ್ರಕ್ಕಲ್ಲ. ಬಿಲ್ಲನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಪೂರ್ತಿ ಛಾಪಸ್ರಿ ಅಂದಿದ್ದೆ. ನಾ ಬರದದ್ದರ ಕುತಿಗಿ ಮುರದ್ರಿ, ಹೋಗ್ಲಿ. ಮಂದಿಗೆ ಕೊನೀ ಯಾಕ ಹೇಳಿದ್ರಿ?"

ನಾನು ಅದೇ ಸುಳ್ಳನ್ನು ಮತ್ತೆ ಹೇಳಿದೆ. ಆ ಸಾಲನ್ನು ಹೊಡೆದಿದ್ದೆ, ಪ್ರೆಸ್ಸಿನವನು ತಿಳಿಯದೆ ಜೋಡಿಸಿದ, ಅವನನ್ನು ತೆಗೆದುಹಾಕಿದ್ದಾರೆ. ಅವರು ಬಿಲ್ಲನ್ನು ಎತ್ತಿಕೊಂಡು ಮತ್ತೊಮ್ಮೆ ಓದಿದರು.

"ನನ್ನ ಹೆಸರಿನ ಮ್ಯಾಲ ಎರಡ ಮಾತು ಅದಾವ. ಚಿತ್ರ ಚೆನ್ನಾಗಿದೆ ಅನ್ನೂದೊಂದು, ಕೈಗವಸಿನದೊಂದು. ಕೈಗವಸಿನ ಮಾತು ಹೊಡದಿದ್ರ, ಛಾಪ್ಸಾಕ ನೀವು ಉಳಿಸಿದ್ದರ ಏನು, ಚನಬಸಪ್ಪಾರ? ಹೊಡದದ್ದನ್ನ ತಿಳೀಲಾರದ ಜೋಡಸಾಂವ ಆಗಿದ್ರ ನಾ ಬರದ ಇಡೀ ಪುಟ ಯಾಕ ಬರಲಿಲ್ಲ? ಅದೊಂದ ಸಾಲು ಹೆಂಗ ಆರಿಸಿದ ಅಂವ?"

ಪ್ರೆಸ್ಸಿನಲ್ಲಿ ನಿಂತಿದ್ದ ಇಬ್ಬರು ಮಾಲಕರಿಗೂ ಬಾರದ ಪ್ರಶ್ನೆ ಅದು. ಬಾರದ್ದಲ್ಲ, ಬೇಕಾಗಿರಲಿಲ್ಲ.

"ನೀವ ಹೋಗಿ ಹೇಳ್ರಿ," ಎಂದರು ಸಿಸ್ಟರ್. "ನಾ ಹೇಳಿದ್ರ ಚಾಡಿ ಆಗತೈತಿ. ನೀವು ಹೇಳಿದ್ರ ಆ ಮನಶ್ಯಾಗ ಕೆಲಸಾ ಸಿಗತೈತಿ."

ನಾನು ಹೋಗಲಿಲ್ಲ. ಇವತ್ತು, ನಾಳೆ ಎಂದು ಹದಿನೈದು ದಿನ ಕಳೆದೆ. ಕಡೆಗೆ ಅವರೇ ಸಾವಕಾರ್ರ ಕೋಣೆಗೆ ಹೋಗಿ ಎಲ್ಲ ಹೇಳಿ ಬಂದರು. ಸಾವಕಾರ್ರು ನನ್ನನ್ನು ಕರೆಸಿದಾಗ, ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಹೋದೆ, ಇನ್ನು ಕೆಲಸವಿಲ್ಲ ಎಂದು. ಅವರು ತಲೆ ಅಲ್ಲಾಡಿಸಿ ನಕ್ಕರು.

"ಮಂಗ್ಯಾ ಅದೀ. ನಿಮ್ಮಪ್ಪನ ಮುಖಾ ನೋಡಿ ಬಿಟ್ಟೇನಿ."

"ಯಲ್ಲಪ್ಪಂದು, ಸಾವಕಾರ್ರ…"

"ಅವನ ಜಾಗಾಕ್ಕ ಬ್ಯಾರೆಯಾಂವ ಬಂದಾನಂತ. ಈಗ ಅದನ್ನ ಯಾಕ ಕೆದರತೀ? ಹೋಗು, ಶುಕ್ರವಾರದ ಬಿಲ್ಲು ಬರಿ."

ಹೋಗಿ ಬರೆದೆ. ನಾನು ಹೇಳಬೇಕಾದ ಮುಖ್ಯ ಮಾತು ಇದು. ನಿಜ ಹೊರಬಂದರೆ ಎಲ್ಲ ಸರಿಹೋಗುತ್ತದೆ ಎಂದು ಚಿತ್ರಗಳಲ್ಲಿ ತೋರಿಸುತ್ತಾರೆ. ನನ್ನ ವಿಷಯದಲ್ಲಿ ನಿಜ ಹದಿನೈದೇ ದಿನದಲ್ಲಿ ಹೊರಬಂತು. ತಿಳಿಯಬೇಕಾದವರಿಗೆಲ್ಲ ತಿಳಿಯಿತು. ಯಲ್ಲಪ್ಪನನ್ನು ಮಾತ್ರ ಯಾರೂ ಕರೆಯಲಿಲ್ಲ. ಅವನ ಕೇರಿ ಟಾಕೀಸಿನಿಂದ ಅರ್ಧ ತಾಸಿನ ದಾರಿ. ನಾನು ಭೋಂಗಾ ಹಿಡಿದು ಊರೆಲ್ಲ ಸುತ್ತುವವನು, ಅಲ್ಲಿಗೆ ಹೋಗಲಿಲ್ಲ.

ಮುಂದೆ ಒಂದು ದಿನ ಟಾಂಗಾದಲ್ಲಿ ಬರುವಾಗ ಅರಳೆ ಗಿರಣಿಯ ಮುಂದೆ ಅವನನ್ನು ಕಂಡೆ. ಅರಳೆ ತುಂಬಿದ ದೊಡ್ಡ ಅಂಡಿಗೆ ಹೊತ್ತು ಬಂಡಿಗೆ ಏರಿಸುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ಅಂಡಿಗೆಯ ಕೆಳಗೆ ಹಿಡಿತಕ್ಕಾಗಿ ಒದ್ದಾಡುತ್ತಿದ್ದ ಬೆರಳು ಕಂಡವು. ನಾನು ಭೋಂಗಾ ಕೆಳಗಿಟ್ಟು, ಟಾಂಗಾ ಬೇರೆ ಓಣಿಗೆ ತಿರುಗಿಸಲು ಹೇಳಿದೆ.

"ಯಾಕ್ರೀ?" ಎಂದರು ಹುಸೇನಸಾಬರು. "ಈ ಓಣ್ಯಾಗ ನಿಮ್ಮ ಬೀಗರ ಮನಿ ಐತೇನು, ನಾಚಗೊಳ್ಳಾಕತ್ತೀರಿ?"

ಆ ವರ್ಷ ಪೂರ್ತಿ ಆ ಓಣಿಯಲ್ಲಿ ನಮ್ಮ ಟಾಕೀಸಿನ ಪ್ರಚಾರ ಆಗಲಿಲ್ಲ.

ಆಮೇಲೆ ಕೆಲಸದ ರೀತಿ ಬದಲಾಗುತ್ತ ಹೋಯಿತು. ತಗಡಿನ ಭೋಂಗಾ ಹೋಗಿ ಬ್ಯಾಟರಿಯ ಮೈಕು ಬಂತು, ಟಾಂಗಾ ಹೋಗಿ ರಿಕ್ಷಾ ಬಂತು. ನೋಟುಬುಕ್ಕನ್ನು ನಾನೇ ಏನೋ ನೆಪ ಹೇಳಿ ನಿಲ್ಲಿಸಿದೆ. ಸಿಸ್ಟರ್ ಅದರ ಮರುವರ್ಷ ಬೇರೆ ಊರಿಗೆ ವರ್ಗವಾಗಿ ಹೋದರು. ಅಲ್ಲಿಯವರೆಗೆ ಚಿತ್ರಕ್ಕೆ ಬರುತ್ತಿದ್ದರು, ನನ್ನನ್ನು ಮಾತನಾಡಿಸುತ್ತಿರಲಿಲ್ಲ. ಅವರು ಬರೆದ ಪುಟವನ್ನು ಎರಡು ಸಲ ಒಲೆಗೆ ಹಾಕಲು ಹೋಗಿದ್ದೆ. ಆಗಲಿಲ್ಲ. ಮ್ಯಾಟ್ರಿಕ್ ಸರ್ಟಿಫಿಕೇಟಿನ ಕೆಳಗೆ, ಟ್ರಂಕಿನಲ್ಲಿ ಉಳಿಯಿತು.

ನಿವೃತ್ತನಾಗಿ ಬಹಳ ವರ್ಷಗಳ ಮೇಲೆ ವಿದ್ಯಾನಗರದ ಒಂದು ಕಣ್ಣಿನ ದವಾಖಾನೆಯಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಕಣ್ಣಿಗೆ ಔಷಧ ಬಿಟ್ಟಿದ್ದರು, ಎದುರಿನ ಗೋಡೆಯೂ ಮಂಜಾಗಿ ಕಾಣುತ್ತಿತ್ತು. ಒಳಗಿನಿಂದ ಯಲ್ಲಪ್ಪ ಎಂದು ಕೂಗಿದರು. "ಇದ್ದೇನ್ರಿ, ಔಷಧ ಇನ್ನೂ ಹತ್ತಿಲ್ಲಂತ," ಎಂದು ನನ್ನ ಪಕ್ಕದಲ್ಲಿ ಕೂತಿದ್ದವರು ಉತ್ತರ ಕೊಟ್ಟರು.

"ಪ್ರೆಸ್ಸಿನ ಯಲ್ಲಪ್ಪ ಏನ್ರಿ?"

ಅವನು ನನ್ನ ಕಡೆ ತಿರುಗಿದ. "ದನಿ ಗುರ್ತ ಸಿಕ್ಕಿತು. ಭೋಂಗಾದ ಚನಬಸಪ್ಪಾರು."

ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಹಾಗಿದ್ದುದರಿಂದಲೇ ಮಾತಾಡಲು ಆಯಿತೆಂದು ತೋರುತ್ತದೆ. ಎಂಟು ತಿಂಗಳು ಅಂಡಿಗೆ ಹೊತ್ತನಂತೆ. ಆಮೇಲೆ ಧಾರವಾಡದ ಒಂದು ಪ್ರೆಸ್ಸಿನಲ್ಲಿ ಕೆಲಸ ಸಿಕ್ಕು, ಮೊಳೆ ಹೋಗಿ ಕಂಪ್ಯೂಟರ್ ಬರುವವರೆಗೆ ಅಲ್ಲೇ ಇದ್ದನಂತೆ. ಮಗಳು ಕಾಲೇಜಿನಲ್ಲಿ ಕಲಿಸುತ್ತಾಳೆ, ಆಕೆಯೇ ಕರೆತಂದಿದ್ದಾಳೆ ಎಂದ.

"ಯಲ್ಲಪ್ಪ, ಅವತ್ತ ಆ ಕಾಗದ ನನ್ನ ಕಿಸೇದಾಗ ಇತ್ತು," ಎಂದೆ.

"ಗೊತ್ತಿತ್ರಿ. ಎದಿ ನೋವು ಬಂದಾವ್ರ ಗತೆ ಕಿಸೇ ಮ್ಯಾಲ ಕೈ ಇಟಗೊಂಡ ನಿಂತಿದ್ರಿ."

"ಮತ್ತ ಯಾಕ ಹೇಳಲಿಲ್ಲ?"

ಅವನು ನಕ್ಕದ್ದು ಕೇಳಿಸಿತು. "ಹೇಳಿದ್ರ ನಿಮ್ಮ ಕಿಸೇಕ್ಕ ಕೈ ಹಾಕಾವ್ರು ಅಲ್ಲಿ ಯಾರಿದ್ರು?"

ತಪ್ಪಾಯಿತು ಎಂದೆ. ಅಷ್ಟು ವರ್ಷ ಇಟ್ಟುಕೊಂಡಿದ್ದ ಮಾತು ಅಷ್ಟೇ ಚಿಕ್ಕದಾಗಿ ಹೊರಗೆ ಬಂತು. ಇರಲಿ ಬಿಡ್ರಿ ಎಂದು ಅವನು ಹೇಳಲಿಲ್ಲ. ಅದನ್ನು ಬಯಸುವ ಹಕ್ಕೂ ನನಗಿರಲಿಲ್ಲ. ಬದಲಿಗೆ ಅವನು ಕೇಳಿದ:

"ನಾ ಆ ಸಿನಿಮಾ ನೋಡ್ಲೇ ಇಲ್ರಿ. ಸಿಸ್ಟರು ಬರದದ್ದರಾಗ ನೀವು ಹೊಡದ ಹಾಕಿದ್ದನ್ನೂ ನಾ ಓದಿದ್ದೆ, ಕೆಂಪು ಗೆರಿ ಕೆಳಗ ಅಕ್ಷರಾ ಕಾಣ್ತಿದ್ವು. ಆ ಅಡಗಿಯಾಂವ ಕಡೀಕ ಏನಾದ?"

ನೆನಪು ಮಾಡಿಕೊಂಡೆ. ಹದಿನೆಂಟು ಸಲ ನೋಡಿದ ಚಿತ್ರ. "ತೋರಿಸಿಲ್ಲ, ಯಲ್ಲಪ್ಪ."

"ಹಂಗಾರ ಆಕಿ ಬರದದ್ದು ಖರೇ," ಎಂದ. "ಅದನ್ನ ಛಾಪಸಬೇಕಿತ್ರಿ. ಜೋಡಸಾಕ ಛಲೋ ಇತ್ತು."

ಅಷ್ಟರಲ್ಲಿ ಮಗಳು ಬಂದು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಯಲ್ಲಪ್ಪ ಈಗಿಲ್ಲ. ಈ ಬರಹ ಅಚ್ಚಾದರೆ ಮೊದಲ ಪ್ರತಿಯನ್ನು ಧಾರವಾಡಕ್ಕೆ, ಅವನ ಮಗಳಿಗೆ ಕಳಿಸುತ್ತೇನೆ. ಆ ಬಿಲ್ಲಿನಲ್ಲಿ ಅಕ್ಷರ ಜೋಡಿಸಿದವನದು ಒಂದು ತಪ್ಪೂ ಇರಲಿಲ್ಲ. ಜನರ ಅಭಿಪ್ರಾಯಗಳನ್ನು ಕತ್ತರಿಸಿ ಅಂಟಿಸುವ ಕೆಲಸಕ್ಕೆ ಬರುವ ಮಕ್ಕಳಿಗೆ ನಾನು ಬೇರೆ ಬುದ್ಧಿ ಹೇಳಲಾರೆ. ಆ ಪುಟವನ್ನು ಟ್ರಂಕಿನಿಂದ ತೆಗೆದು ಮುಂದೆ ಇಟ್ಟುಕೊಂಡಿದ್ದೇನೆ. ಕೆಂಪು ಗೆರೆಗಳು ಮಾಸಿವೆ, ಅಕ್ಷರಗಳು ಹಾಗೇ ಇವೆ. ಅದನ್ನು ಇದ್ದಂತೆಯೇ ಇಲ್ಲಿ ಇಳಿಸುತ್ತೇನೆ.

"ಚಿತ್ರ ಬಹಳ ಚೆನ್ನಾಗಿದೆ. ಎಲ್ಲಿಯೂ ಬೇಸರ ಬರಲಿಲ್ಲ. ಡಾಕ್ಟರರು ಕೈಗವಸು ಕಳಚಿದ ಕ್ಷಣ ನಾನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಅವರ ಮೇಲೆ ನನಗೆ ಮೊದಲೇ ಸಂಶಯವಿತ್ತು. ಸುಟ್ಟ ಕೈಗೆ ಯಾವ ಡಾಕ್ಟರೂ ಇಡೀ ದಿನ ತೊಗಲಿನ ಗವಸು ಹಾಕಿಕೊಳ್ಳುವುದಿಲ್ಲ, ಗಾಳಿ ಬೇಕು. ಇನ್ನೊಂದು ಮಾತು. ಪೊಲೀಸರು ಹೊಡೆದಾಗ ಅಡಿಗೆಯವನ ಬಲಗೈಯ ಎರಡು ಬೆರಳು ಮುರಿದದ್ದನ್ನು ತೋರಿಸಿದ್ದಾರೆ. ನಿಜವಾದ ಕೊಲೆಗಾರ ಸಿಕ್ಕ ಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಹೊರಗೆ ಬಂದ ಮೇಲೆ ಆ ಬೆರಳುಗಳ ನೆನಪಾಯಿತು. ಅವಕ್ಕೆ ಪಟ್ಟಿ ಕಟ್ಟಿದವರು ಯಾರು? ಅವನು ಮತ್ತೆ ಅಡಿಗೆ ಮಾಡಿದನೇ? ಅವನನ್ನು ಯಾರಾದರೂ ಮನೆಗೆ ಕರೆದರೇ? ತಪ್ಪು ಮಾಡಿದವನನ್ನು ಹುಡುಕಲು ಅಷ್ಟು ಕಷ್ಟಪಟ್ಟವರು, ತಪ್ಪು ಮಾಡದವನನ್ನು ಹುಡುಕಲು ಐದು ನಿಮಿಷ ಕೊಡಬಹುದಿತ್ತು. ಚಿತ್ರ ಮಾಡಿದವರಿಗೆ ಇದನ್ನು ತಿಳಿಸಿರಿ. ಛಾಪಿಸುವುದಾದರೆ ಪೂರ್ತಿ ಛಾಪಿಸಿರಿ."